ನಾಲ್ಕು ಕಲ್ಲಿನ ನಡುವಿನ ಹುಲ್ಲು

ಅವತ್ತು ಕಣಕಟ್ಟೆ ಕಡೆಯ ಆ ಸಮುದಾಯ ಭವನದಲ್ಲಿ ಯಾರ್ಯಾರು ಇದ್ದರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ವೇದಿಕೆಯ ಮೇಲೆ ಹಾಸನದಿಂದ ಬಂದಿದ್ದ ಒಬ್ಬ ಅಧಿಕಾರಿ. ಅವರ ಬಲಕ್ಕೆ ತಾಲ್ಲೂಕು ಕಚೇರಿಯ ಶಿರಸ್ತೇದಾರರು. ಎಡಕ್ಕೆ, ಗಿಡ ನೆಡಿಸುವ ವಿಷಯದಲ್ಲಿ ಮಹಾ ಉತ್ಸಾಹವಿದ್ದ ಒಬ್ಬ ಸ್ಥಳೀಯ ಮುಖಂಡರು. ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎರಡು ಹಳ್ಳಿಯ ಕುರಿಯವರು, ಹೆಗಲ ಮೇಲಿನ ಕಂಬಳಿ ಕೆಳಗಿಳಿಸದೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಅವರ ಹಿರಿಯ ಬೀರಜ್ಜ. ಹಿಂದೆ, ಗೋಡೆಗೆ ಒರಗಿಕೊಂಡು ಹೆಂಗಸರು. ಕಿಟಕಿಯ ಪಕ್ಕದಲ್ಲಿ ನಾನು, ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ಕೊಟ್ಟು ನಿವೃತ್ತನಾದವನು. ನನ್ನ ಪಕ್ಕದಲ್ಲಿ ಮೇಡಂ.

ವಿಷಯ ಸರಳವಾಗಿತ್ತು. ಊರಾಚೆಯ ಕಾವಲಿನಲ್ಲಿ, ಅಂದರೆ ಅರಸರ ಕಾಲದಿಂದ ದನಕುರಿ ಮೇಯಲು ಬಿಟ್ಟ ಹುಲ್ಲುಗಾವಲಿನಲ್ಲಿ, ಗಿಡ ನೆಟ್ಟು ಬೇಲಿ ಹಾಕಬೇಕೆಂದು ಒಂದು ಯೋಜನೆ ಬಂದಿತ್ತು. ಕುರಿ ಮೇದು ಮೇದು ನೆಲ ಬಂಜರಾಗಿದೆ ಎನ್ನುವುದು ಅದಕ್ಕೆ ಕಾರಣ. ಬೇಲಿ ಬಿದ್ದರೆ ಕುರಿಗಳಿಗೆ ಹೋಗಲು ಬೇರೆ ಜಾಗವಿರಲಿಲ್ಲ, ಕುರಿ ಮಾರಬೇಕಿತ್ತು. ‘ಮೇದರೂ ಹುಲ್ಲು ಸತ್ತಿಲ್ಲ’ ಎಂದು ಲೆಕ್ಕ ಸಮೇತ ಹೇಳಬಲ್ಲವರು ಆ ಸೀಮೆಯಲ್ಲಿ ಒಬ್ಬರೇ ಇದ್ದರು. ಅವರು ನನ್ನ ಪಕ್ಕದಲ್ಲಿ ಕೂತಿದ್ದರು. ಅವರು ಏನು ಹೇಳಲಿದ್ದಾರೆ ಎಂಬುದು ಆ ಸಭೆಯಲ್ಲಿ ಅವರಿಗೂ ನನಗೂ ಬೀರಜ್ಜನಿಗೂ ಮಾತ್ರ ಗೊತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ನಮ್ಮ ಬೀದಿಯಲ್ಲೂ ಅವರು ಬರೀ ‘ಮೇಡಂ’, ಹಳ್ಳಿಯ ಕಡೆ ‘ಮೇಡಮ್ಮಾರು’. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರು, ಮಿಕ್ಕ ಹೊತ್ತಿನಲ್ಲೆಲ್ಲ ಅಳೆಯುತ್ತಿದ್ದರು. ಏನನ್ನು ಅಂದರೆ, ಎಲ್ಲವನ್ನೂ. ನನಗೆ ಅವರ ಪರಿಚಯ ಗಟ್ಟಿಯಾದದ್ದು ನಾನು ನಿವೃತ್ತನಾದ ಮೇಲೆ. ಒಂದು ದಿನ ಬೆಳಿಗ್ಗೆ ಗೇಟಿನ ಹತ್ತಿರ ನಿಂತು, “ಗೌಡ್ರೆ, ನಿಮಗೆ ಈಗ ಕೆಲಸ ಇಲ್ಲ. ನನಗೆ ಟೇಪಿನ ಇನ್ನೊಂದು ತುದಿ ಹಿಡಿಯೋರು ಇಲ್ಲ” ಎಂದರು. ಅದೇ ನೇಮಕಾತಿ. ನನ್ನಾಕೆ ಒಳಗಿನಿಂದಲೇ, “ಕರ್ಕೊಂಡ್ಹೋಗಿ ಮೇಡಂ, ರೈಲು ಹೋದಾಗೆಲ್ಲ ಎದ್ದು ಗಡಿಯಾರ ನೋಡ್ತಾರೆ, ನನಗೂ ಸಾಕಾಗೈತೆ” ಎಂದು ಸಹಿ ಹಾಕಿದಳು.

ಯಾವುದನ್ನೇ ನೋಡಲಿ, ಅವರು ನೋಡುವ ರೀತಿಯೇ ಬೇರೆ. ಮೊದಲು ಮೂಗು ತಾಗುವಷ್ಟು ಹತ್ತಿರ ಹೋಗುವರು. ಆಮೇಲೆ ಹಾಗೇ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಯಾರಿಗಾದರೂ ಡಿಕ್ಕಿ ಹೊಡೆಯುವ ತನಕ ದೂರ ಸರಿಯುವರು. ನಮ್ಮ ಮನೆಗೆ ಊಟಕ್ಕೆ ಬಂದರೂ ಅಷ್ಟೆ. ಸಾರನ್ನು ಮೇಲಿನ ತಿಳಿಯಿಂದ ಒಂದು ಸಲ, ತಳದಿಂದ ಒಂದು ಸಲ ಬಡಿಸಿಕೊಳ್ಳುವರು. “ತಿಳಿ ಒಂದು ಹೇಳುತ್ತೆ, ತಳ ಒಂದು ಹೇಳುತ್ತೆ ಅಕ್ಕಾ” ಎನ್ನುವರು. “ನನ್ನ ಸಾರಿಗೆ ಉಪ್ಪು ಸಾಲದು ಅನ್ನೋದನ್ನ ಎರಡೂ ಹೇಳ್ತವಾ?” ಎಂದು ನನ್ನಾಕೆ ಕೇಳಿದರೆ, “ಹೇಳ್ತವೆ” ಎಂದು ನಗದೆ ಉತ್ತರಿಸುವರು.

ಒಮ್ಮೆ ಬೇಲೂರಿಗೆ ಹೋಗಿದ್ದೆವು. ದೇವಸ್ಥಾನ ನೋಡಲಿಕ್ಕೆ ಎಂದುಕೊಂಡು ನಾನು ಇಸ್ತ್ರಿ ಅಂಗಿ ಹಾಕಿದ್ದೆ. ಪ್ರವಾಸಿಗರೆಲ್ಲ ಕತ್ತೆತ್ತಿ ಶಿಲಾಬಾಲಿಕೆಯರನ್ನು ನೋಡುತ್ತಿದ್ದರೆ ಮೇಡಂ ಪ್ರಾಕಾರದ ಮೂಲೆಯಲ್ಲಿ, ಯಾವ ಕೆತ್ತನೆಯೂ ಇಲ್ಲದ ಒಂದು ಬರೀ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕಲ್ಲಿನ ಮೇಲೆ ಬೂದಿ ಬಣ್ಣದ ಹಕ್ಕಳೆ ಹಬ್ಬಿತ್ತು, ಸಾರಿನ ಪುಡಿಗೆ ಹಾಕುವ ಕಲ್ಲುಹೂವಿನ ಜಾತಿಯದು. ಒಬ್ಬ ಗೈಡಿಗೆ ತಡೆಯಲಾಗಲಿಲ್ಲ.

“ಮೇಡಂ, ಶಿಲ್ಪ ಇರೋದು ಆ ಕಡೆ.”

“ಗೊತ್ತು. ಅದು ಬೆಳೆಯಲ್ಲ, ಇದು ಬೆಳೆಯುತ್ತೆ.”

“ಅದೇನು ಬೆಳೆದೀತು ಮೇಡಂ, ನಾನು ಹುಟ್ಟಿದಾಗಿಂದ ಅಷ್ಟೇ ಐತೆ.”

“ಅಷ್ಟು ನಿಧಾನವಾಗಿ ಬೆಳೆಯೋದೇ ಅದರ ಗುಣ. ಗಾಳಿ ಕೆಟ್ಟರೆ ಮೊದಲು ಸಾಯೋದು ಇದು. ನಿಮಗೂ ನನಗೂ ಕೆಮ್ಮು ಬರೋಕೆ ಮುಂಚೆ ಇದಕ್ಕೆ ಗೊತ್ತಾಗುತ್ತೆ.”

ಗೈಡು ಆಮೇಲೆ ತನ್ನ ಗುಂಪಿಗೆ ಆ ಕಲ್ಲನ್ನೂ ತೋರಿಸತೊಡಗಿದ ಎಂದು ಕೇಳಿದ್ದೇನೆ. ಅವನು ಅದಕ್ಕೆ ಏನು ಕಥೆ ಕಟ್ಟಿದ್ದಾನೋ ದೇವರೇ ಬಲ್ಲ.

ಬಿಕ್ಕೋಡಿನ ಒಂದು ಕಾಫಿ ತೋಟದಲ್ಲಿ ನೆರಳಿನ ಮರಗಳ ಕಾಂಡಕ್ಕೆ ಸ್ಪ್ರಿಂಗು ಸಿಕ್ಕಿಸಿದ ಒಂದು ತೆಳು ಉಕ್ಕಿನ ಪಟ್ಟಿ ಕಟ್ಟಿದ್ದರು. ಮರ ದಪ್ಪವಾದಂತೆ ಪಟ್ಟಿ ಸಡಿಲಿಸಿಕೊಳ್ಳುತ್ತಾ ಹೋಗುತ್ತದೆ, ಎಷ್ಟು ಸರಿದಿದೆ ಎಂದು ಓದಿದರೆ ಆ ವರ್ಷ ಮರ ಎಷ್ಟು ಉಂಡಿದೆ ಎಂದು ತಿಳಿಯುತ್ತದೆ. ತೋಟದ ಹೆಂಗಸರು ಅವರಿಗೆ ‘ಮರಕ್ಕೆ ಉಡಿದಾರ ಕಟ್ಟೋ ಮೇಡಂ’ ಎಂದು ಹೆಸರಿಟ್ಟಿದ್ದರು. ಹಳೇಬೀಡಿನ ಕೆರೆಯಲ್ಲಿ ನೀರು ಇಳಿದ ಬೇಸಿಗೆಯಲ್ಲಿ ಉದ್ದನೆಯ ಕೊಳವೆಯನ್ನು ಕೆಸರಿಗೆ ಇಳಿಸಿ, ಎತ್ತಿ, ಉದ್ದುದ್ದ ಸೀಳಿ ಮಲಗಿಸಿದ್ದರು. ಒಳಗೆ ಮಣ್ಣು ಪದರ ಪದರ, ಕಪ್ಪು, ಕಂದು, ಮತ್ತೆ ಕಪ್ಪು. ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನು ಕೂಗಿ ಕೇಳಿದ:

“ಏನ್ರವ್ವಾ, ನಿಧಿ ಸಿಕ್ತಾ?”

“ಸಿಕ್ತು ಕಣಪ್ಪ. ಹಳೇ ಕಾಲದ ಹೂವಿನ ಪರಾಗ.”

“ಅದನ್ನ ಯಾರು ಕೊಳ್ತಾರೆ?”

“ಯಾರೂ ಕೊಳ್ಳಲ್ಲ. ಅದಕ್ಕೇ ಇನ್ನೂ ಇದೆ.”

ಸುತ್ತ ಬೆಳೆದ ಗಿಡಗಳ ಪರಾಗ ನೀರಿಗೆ ಬಿದ್ದು ತಳಕ್ಕೆ ಇಳಿಯುತ್ತದಂತೆ. ಯಾವ ಪದರದಲ್ಲಿ ಯಾವ ಗಿಡದ್ದಿದೆ ಎಂದು ನೋಡಿದರೆ, ಬಲ್ಲಾಳರಾಯನ ಕಾಲದಲ್ಲಿ ಆ ಕೆರೆಯ ಸುತ್ತ ಕಾಡಿತ್ತೋ ಹೊಲವಿತ್ತೋ ಹೇಳಬಹುದಂತೆ. ಇದನ್ನು ಅವರು ನನಗೆ ವಾಪಸು ಬರುವ ಬಸ್ಸಿನಲ್ಲಿ, ಕಾಲ ಮೇಲೆ ಆ ಕೊಳವೆಯನ್ನು ಮಗು ಮಲಗಿಸಿದಂತೆ ಮಲಗಿಸಿಕೊಂಡು ಹೇಳಿದರು. ಕಂಡಕ್ಟರ್ ಅದಕ್ಕೂ ಲಗೇಜು ಟಿಕೆಟ್ ಹರಿದ.

ಹೀಗೆ ಕಲ್ಲುಹೂವು, ಮರದ ಸೊಂಟ, ಕೆರೆಯ ಕೆಸರು. ಇವಕ್ಕೆಲ್ಲ ಮೇಲೆ ಇನ್ನೊಂದಿತ್ತು, ಉಪಗ್ರಹದ ಚಿತ್ರ. ಅವರ ಲ್ಯಾಪ್‌ಟಾಪಿನಲ್ಲಿ ಅರಸೀಕೆರೆ ತಾಲ್ಲೂಕೆಲ್ಲ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಒಂದು ಚುಕ್ಕಿಯೆಂದರೆ ನಮ್ಮ ಕಡೆ ರಾಗಿ ಒಕ್ಕುವ ಒಂದು ಕಣದಷ್ಟು ಜಾಗ. ನಾನು ನನ್ನ ಮನೆ ಹುಡುಕಿದೆ. ಸಿಗಲಿಲ್ಲ, ಅರ್ಧ ಚುಕ್ಕಿ ಪಕ್ಕದವರದಾಗಿತ್ತು. “ಇದರಲ್ಲಿ ಮನುಷ್ಯ ಕಾಣಲ್ಲ, ಅಲ್ವಾ ಮೇಡಂ?” ಎಂದೆ. “ಮನುಷ್ಯ ಕಾಣಲ್ಲ. ಮನುಷ್ಯ ಮಾಡಿದ್ದು ಕಾಣುತ್ತೆ” ಎಂದರು. ನೆಲದಲ್ಲಿರುವ ಇರುವೆ ಹೇಳುವುದನ್ನೂ ಆಕಾಶದಲ್ಲಿರುವ ಹದ್ದು ಹೇಳುವುದನ್ನೂ ಎದುರುಬದುರು ಕೂರಿಸಿ ಕೇಳಬೇಕು, ಇಬ್ಬರ ಮಾತು ತಾಳೆಯಾದರೆ ಮಾತ್ರ ನಂಬಬೇಕು ಎಂಬುದು ಅವರ ಪಾಠದ ಸಾರ. ಕೋರ್ಟಿನಲ್ಲಿ ಕಕ್ಷಿದಾರರನ್ನು ನೋಡಿದಂತೆ ಅವರು ಇರುವೆಯನ್ನೂ ಹದ್ದನ್ನೂ ಸಮನಾದ ಅನುಮಾನದಿಂದ ನೋಡುತ್ತಿದ್ದರು.

ಆ ಕಾವಲಿನಲ್ಲಿ ಅವರ ಇರುವೆ ಎಂದರೆ ಒಂದು ಚೌಕ. ನಾನು ಜೊತೆಗೂಡುವುದಕ್ಕೆ ಬಹಳ ವರ್ಷ ಮುಂಚೆಯೇ ಒಂದು ದಿಣ್ಣೆಯ ಮೇಲೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟು, ಸುಣ್ಣ ಬಳಿದು ಗುರುತು ಮಾಡಿದ್ದರು. ತಿಂಗಳ ಮೊದಲ ಭಾನುವಾರ ಅಲ್ಲಿಗೆ ಹೋಗುವುದು, ಮೊಣಕಾಲೂರಿ ಚೌಕದೊಳಗೆ ಏನೇನು ಬೆಳೆದಿದೆ ಎಂದು ಎಣಿಸುವುದು. ಗರಿಕೆ, ಕರಡ, ನೆಗ್ಗಿಲು, ವಿಷ್ಣುಕ್ರಾಂತಿ. ಅವರು ಹೇಳುವುದು, ನಾನು ಬರೆಯುವುದು. ದೂರದ ಇಳಿಜಾರಿನಲ್ಲಿ ಕುರಿಗಳು ಕಾಣುತ್ತಿದ್ದವು. ಬೀರಜ್ಜ ಕೈಯೆತ್ತಿ ಕೂಗುತ್ತಿದ್ದ, “ಎಲ್ಲಾ ಸರೀಗೈತಾ ಅವ್ವಾ?” ಇವರು ಕೂಗುತ್ತಿದ್ದರು, “ಸರೀಗಿದೆ ಅಜ್ಜಾ!” ಮಳೆ ಬರಲಿ ಬಿಡಲಿ, ಆ ಚೌಕದಲ್ಲಿ ಹುಲ್ಲು ಇದ್ದೇ ಇರುತ್ತಿತ್ತು. ಕುರಿ ಮೇಯುವ ಕಾವಲಿನಲ್ಲಿ ಹುಲ್ಲು ತಾಳಿಕೊಂಡಿದೆ ಎಂದು ಅವರು ಒಂದೆರಡು ಕಡೆ ಬರೆದೂ ಇದ್ದರು. ಗಿಡ ನೆಡುವ ಯೋಜನೆಯ ಸುದ್ದಿ ಬಂದಾಗ ಕುರಿಯವರು ಆ ಬರಹವನ್ನೇ ನೆಚ್ಚಿಕೊಂಡು ಅವರ ಮನೆಗೆ ಬಂದರು. ನಮ್ಮ ಬೀದಿಯಲ್ಲಿ ಅಷ್ಟು ಕಂಬಳಿಗಳನ್ನು ಒಟ್ಟಿಗೆ ನಾನು ನೋಡಿದ್ದು ಅದೇ ಮೊದಲು.

ಸಭೆಗೆ ಒಂದು ವಾರವಿರುವಾಗ ಮೇಡಂ ನನ್ನನ್ನು ಕರೆದು ಲ್ಯಾಪ್‌ಟಾಪು ತೋರಿಸಿದರು. ಮಳೆ ಕೈಕೊಟ್ಟ ಒಂದು ವರ್ಷದ ಚಿತ್ರ. ಕಾವಲೆಲ್ಲ ಕಂದು. ನಡುವೆ ಹೆಬ್ಬೆರಳಿನ ಗುರುತಿನಷ್ಟು ಹಸಿರು.

“ಇದೇನು ಹೇಳಿ ಗೌಡ್ರೆ.”

“ಬಾವಿ ಗೀವಿ ಇರಬೇಕು.”

“ಅದು ನಮ್ಮ ದಿಣ್ಣೆ. ಕಾವಲೆಲ್ಲ ಬಾಡಿದಾಗ ನನ್ನ ಚೌಕ ಯಾಕೆ ಬಾಡಿಲ್ಲ? ಹದ್ದು ಸುಳ್ಳು ಹೇಳ್ತಾ ಇದೆ ಅಂದ್ಕೊಂಡೆ. ಎಲ್ಲಾ ವರ್ಷದ ಚಿತ್ರ ತೆಗೆದು ನೋಡಿದೆ. ಹದ್ದು ಸರಿಯಾಗೇ ಇದೆ.”

ಮರುದಿನ ಬುಧವಾರ. ಭಾನುವಾರವಲ್ಲದ ದಿನ ನಾವು ಅಲ್ಲಿಗೆ ಹೋದದ್ದೇ ಇಲ್ಲ. ಬಸ್ಸಿಳಿದು ನಡೆದು, ಒಂದು ಜಾಲಿಯ ನೆರಳಿನಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಬೀರಜ್ಜನ ಹಿಂಡು ಬಂತು. ದಿಣ್ಣೆಯ ಬುಡಕ್ಕೆ ಬಂದದ್ದೇ ತಡ, ಯಾರೂ ಕೋಲೆತ್ತಲಿಲ್ಲ, ಯಾರೂ ಹುಶ್ ಎನ್ನಲಿಲ್ಲ, ಹಿಂಡು ತನ್ನಷ್ಟಕ್ಕೆ ಎರಡಾಗಿ ಸೀಳಿತು. ಹೊಳೆ ಬಂಡೆಯನ್ನು ಬಳಸಿಕೊಂಡು ಹೋಗುವಂತೆ ಕುರಿಗಳು ಇಡೀ ದಿಣ್ಣೆಯನ್ನು ಬಳಸಿಕೊಂಡು ಹೋಗಿ ಆಚೆ ಮತ್ತೆ ಒಂದಾದವು. ಮರಿಗಳು ಕೂಡ.

ಮೇಡಂ ಎದ್ದು ಹೋದರು.

“ಅಜ್ಜಾ, ಕುರಿ ಯಾಕೆ ಸುತ್ತು ಹಾಕ್ಕೊಂಡು ಹೋದವು?”

ಬೀರಜ್ಜನಿಗೆ ಅವರನ್ನು ಬುಧವಾರ ಕಂಡು ಆಶ್ಚರ್ಯ. “ಅಯ್, ಯಾವಾಗ ಬಂದ್ರಿ ಅವ್ವಾ? ಅದು ನಿಮ್ಮ ಹುಲ್ಲಲ್ವಾ!”

“ನನ್ನ ಹುಲ್ಲಾ?”

“ಮತ್ತೆ? ನಾಕು ಮೂಲೆಗೆ ಬಾಂದುಕಲ್ಲು ನೆಟ್ಟಿದೀರಿ. ತಿಂಗ್ಳಿಗೊಂದ್ಸಲ ಬಂದು ಮೊಣಕಾಲೂರಿ ಒಂದೊಂದೇ ಎಣಿಸಿಟ್ಟು ಹೋಯ್ತೀರಿ. ಎಣಿಸಿಕ್ಕಿರೋದ್ನ ಮೇಯ್ಸಿಬಿಟ್ರೆ ಚೆಂದಾಗಿರ್ತದಾ? ಕಲ್ಲಿನ ಪಕ್ಕಕ್ಕೋದ್ರೂ ಯಾವುದಾದ್ರೂ ಮರಿ ಬಾಯಿ ಹಾಕಿಬಿಡ್ತದೆ ಅಂತ ದಿಣ್ಣೇನೇ ಬಿಟ್ಟುಬಿಟ್ಟೀವಿ. ನಮ್ಮೂರಾಗೆ ಹುಡುಗ್ರಿಗೂ ಗೊತ್ತು. ಈಗ ಕುರಿಗೂ ಗೊತ್ತಾಗೈತೆ.”

ನಮ್ಮ ಸೀಮೆಯಲ್ಲಿ ಮೂಲೆಗೆ ಕಲ್ಲು ಬಿದ್ದರೆ ಅದು ಯಾರದೋ ಆಯಿತು ಎಂದೇ ಅರ್ಥ. ಬೇಲಿ ಬೇಕಿಲ್ಲ. ನಮ್ಮಜ್ಜಿ ಹೇಳುತ್ತಿದ್ದಳು, ಬೇಲಿ ಹಾರಿದವನಿಗೆ ಬೈಗುಳ, ಬಾಂದು ದಾಟಿದವನಿಗೆ ಶಾಪ ಎಂದು. ಇಡೀ ದಿಣ್ಣೆಯನ್ನೇ ಬಿಟ್ಟಿದ್ದರಿಂದ ಚೌಕದ ಒಳಗಿನ ಹುಲ್ಲಿಗೂ ಹೊರಗಿನ ಹುಲ್ಲಿಗೂ ನಡುವೆ ಗೆರೆ ಕಾಣುತ್ತಿರಲಿಲ್ಲ. ಮೊಣಕಾಲೂರಿ ಕೂತವರಿಗೆ ತಿಳಿಯುವ ಹಾಗೆಯೇ ಇರಲಿಲ್ಲ. ಕಂಡದ್ದು ಆಕಾಶಕ್ಕೆ ಮಾತ್ರ.

ಮೇಡಂ ಮೊದಲು ನಕ್ಕರು. ಆಮೇಲೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಕುರಿ ಮೇದ ಹುಲ್ಲಿನ ಲೆಕ್ಕವೆಂದು ಅವರು ಅಷ್ಟು ವರ್ಷ ಇಟ್ಟದ್ದು ಕುರಿ ಮುಟ್ಟದ ಹುಲ್ಲಿನ ಲೆಕ್ಕವಾಗಿತ್ತು. ಕುರಿಯವರ ಪರವಾಗಿ ಇದ್ದ ಒಂದೇ ಸಾಕ್ಷಿಯನ್ನು ಕುರಿಯವರ ಮರ್ಯಾದೆಯೇ ನುಂಗಿತ್ತು.

“ತಪ್ಪಾಯ್ತಾ ಅವ್ವಾ?” ಎಂದ ಬೀರಜ್ಜ. ಅವನ ಮುಖ ಇಳಿದಿತ್ತು.

“ತಪ್ಪು ನಂದು ಅಜ್ಜಾ. ಈ ಸೀಮೆಲೇ ಹುಟ್ಟಿ ಬೆಳೆದು, ಕಲ್ಲು ನೆಡೋಕೆ ಮುಂಚೆ ಅದರ ಅರ್ಥ ಯೋಚನೆ ಮಾಡ್ಲಿಲ್ಲ ನೋಡು.”

ಆ ಸಂಜೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಾಗ ನನ್ನಾಕೆ ಹೇಳಿದಳು: “ಒಳ್ಳೇದಕ್ಕೆ ತಾನೆ ಮೇಡಂ, ಸುಮ್ಮನಿದ್ದುಬಿಡಿ. ಪಾಪ, ಆ ಜನಕ್ಕೆ ನೀವು ಬಿಟ್ರೆ ಯಾರವ್ರೆ?”

“ಒಳ್ಳೇದಕ್ಕೆ ಅಂತ ಥರ್ಮಾಮೀಟರು ಸುಳ್ಳು ಹೇಳಿದ್ರೆ ಜ್ವರ ಇಳಿಯುತ್ತಾ ಅಕ್ಕಾ? ಇವತ್ತು ಇವರಿಗಾಗಿ ಹೇಳಿದ್ರೆ ನಾಳೆ ಇನ್ಯಾರಿಗೋ ಆಗಿ ಹೇಳಬೇಕಾಗುತ್ತೆ.”

“ಅದೆಲ್ಲ ನಂಗೊತ್ತಿಲ್ಲ. ಕುರಿ ಮಾರ್ಕೊಂಡೋರು ನಿಮ್ಮ ಥರ್ಮಾಮೀಟರ್ ಇಟ್ಕೊಂಡು ಏನ್ಮಾಡ್ತಾರೆ?”

ಮೇಡಂ ಎದ್ದು ಲೋಟ ತೊಳೆದಿಟ್ಟು ಹೋದರು. ಯಾವ ಮನೆಯಲ್ಲಾದರೂ ತಾವು ಕುಡಿದ ಲೋಟ ತಾವೇ ತೊಳೆಯುವುದು ಅವರ ಪದ್ಧತಿ.

ಈಗ ಸಭೆಗೆ ಬರೋಣ. ಅಧಿಕಾರಿ ಸಜ್ಜನರು. ಕಾಗದ ಸರಿಮಾಡಿಕೊಂಡು, “ಮೇಡಂ, ನಿಮ್ಮ ಲೇಖನ ಓದಿದೀನಿ. ಕುರಿ ಮೇದರೂ ಹುಲ್ಲು ಉಳಿದಿದೆ ಅಂತ ಬರೆದಿದ್ದೀರಿ. ಅಲ್ವಾ?” ಎಂದರು.

ಮೇಡಂ ಎದ್ದರು. “ಬರೆದಿದ್ದೆ. ಅದು ತಪ್ಪು. ಆ ಚೌಕದಲ್ಲಿ ಕುರಿ ಮೇದಿಲ್ಲ.”

ಮುಖಂಡರು ತೊಡೆ ತಟ್ಟಿಕೊಂಡರು. “ಮುಗೀತಲ್ಲ ಬಿಡ್ರಿ! ಅವ್ರೇ ಒಪ್ಕೊಂಡ್ರು. ಗಿಡ ನೆಡೋದು ಬ್ಯಾಡ ಅನ್ನೋನು ಯಾವನ್ರೀ ಈ ಕಾಲದಾಗೆ?”

ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. “ಏನವ್ವಾ ಇಂಗಂತೀಯ? ನಿನ್ನ ನಂಬ್ಕಂಡು ಕುರಿ ಬಿಟ್ಟು ಬಂದು ಕುಂತಿದೀವಿ. ನೀನೂ ಆ ಕಡೀಕೆ ಹೋದಾ?”

ಮೇಡಂ ಬಾಯಿ ತೆರೆಯುವುದಕ್ಕೆ ಮುಂಚೆ ಬೀರಜ್ಜ ಎದ್ದ. “ಸುಮ್ಕಿರವ್ವ. ಆಯಮ್ಮ ಯಾವ ಕಡೀಕೂ ಹೋಗಿಲ್ಲ. ಆ ಹುಲ್ಲ ಮೇಯಿಸ್ದೆ ಬಿಟ್ಟೋರು ನಾವು. ಕಲ್ಲು ನೆಟ್ಟಿದ್ರು, ಬಿಟ್ವಿ. ಬಾಂದು ದಾಟ್ಸಿ ಮೇಯ್ಸಿದ್ರೆ ಇವತ್ತು ಗೆಲ್ತಿದ್ವೇನೋ. ಏನ್ಮಾಡಾದು, ನಮಗೆ ಹಂಗೆ ಬುದ್ಧಿ ಓಡ್ಲಿಲ್ಲ.”

ಸಭೆ ನಕ್ಕಿತು. ಮುಖಂಡರೂ ನಕ್ಕರು. ಶಿರಸ್ತೇದಾರರು ಮಾತ್ರ ‘ಬಾಂದು’ ಎಂಬ ಮಾತು ಕಿವಿಗೆ ಬಿದ್ದದ್ದರಿಂದ ಅಭ್ಯಾಸಬಲದಿಂದ ಸರ್ವೆ ನಂಬರು ಕೇಳಿದರು.

ನಗು ಅಡಗಿದ ಮೇಲೆ ಮೇಡಂ ಹೇಳಿದ್ದು ಇಷ್ಟು: ಮೇಯದ ಹುಲ್ಲು ಏನಾಗುತ್ತದೆ ಎಂಬುದು ಈಗ ನನಗೆ ಗೊತ್ತಿದೆ. ಹಳೆಯ ಲೆಕ್ಕಗಳನ್ನು ಸಾಲಾಗಿ ಇಟ್ಟು ನೋಡಿದರೆ, ಕರಡ ಎತ್ತರಕ್ಕೆ ಬೆಳೆದು, ಕೆಳಗಿನ ಸಣ್ಣ ಗಿಡಗಳು ಒಂದೊಂದೇ ಕಾಣೆಯಾಗಿವೆ. ಮೇದ ಕಡೆ ಅವು ಇದ್ದರೂ ಇರಬಹುದು. ಆದರೆ ಒಂದು ಚೌಕ ನೋಡಿ ಕಾವಲಿನ ಜಾತಕ ಬರೆಯಲು ಬರುವುದಿಲ್ಲ, ನನ್ನಿಂದಲೂ ಆಗುವುದಿಲ್ಲ, ಬಂಜರು ಎಂದು ಬರೆದವರಿಂದಲೂ ಆಗುವುದಿಲ್ಲ. ಕೆಲವು ಮಳೆಗಾಲ ಕೊಡಿ, ಕಾವಲೆಲ್ಲ ಅಳೆದು ಹೇಳುತ್ತೇನೆ. ಹುಲ್ಲು ಸತ್ತಿದ್ದರೆ ಸತ್ತಿದೆ ಎಂದೇ ಹೇಳುತ್ತೇನೆ.

“ಸತ್ತಿದ್ರೆ?” ಎಂದಳು ಆ ಹೆಂಗಸು.

“ಸತ್ತಿದ್ರೆ ನಿನ್ನ ಮನೆ ಬಾಗಿಲಿಗೇ ಬಂದು ಹೇಳ್ತೀನಿ.”

ಅಧಿಕಾರಿ ಕಾವಲಿನ ಆಚೆ ಬದಿಯ ಒಂದು ಪಟ್ಟಿಯಲ್ಲಿ ಮಾತ್ರ ಗಿಡ ನೆಡುವುದು, ಉಳಿದದ್ದನ್ನು ಮೇಡಂ ಲೆಕ್ಕ ಕೊಡುವ ತನಕ ಮುಟ್ಟದಿರುವುದು ಎಂದು ಬರೆದುಕೊಂಡರು. ಸತ್ಯಕ್ಕೆ ಸಂದ ಜಯ ಎಂದು ಇದನ್ನು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪೂರ್ತಿ ಕಾವಲಿಗೆ ಸಾಲುವಷ್ಟು ಸಸಿ ಆ ವರ್ಷ ನರ್ಸರಿಯಲ್ಲಿ ಇರಲಿಲ್ಲ ಎಂದು ಶಿರಸ್ತೇದಾರರು ಹೊರಗೆ ನನ್ನ ಹತ್ತಿರ ಹೇಳಿದರು.

ಹೊಸ ಚೌಕಗಳ ಕೆಲಸ ಶುರುವಾಯಿತು. ಈ ಸಲ ಕಲ್ಲಿಲ್ಲ, ಸುಣ್ಣವಿಲ್ಲ. ಕಾವಲಿನ ನಕ್ಷೆಯನ್ನು ಚದುರಂಗದ ಮನೆಗಳಂತೆ ಭಾಗ ಮಾಡಿ, ನಂಬರು ಬರೆದ ಚೀಟಿಗಳನ್ನು ಸಕ್ಕರೆ ಡಬ್ಬಿಗೆ ಹಾಕಿ, ನನ್ನಾಕೆಯ ಕೈಯಲ್ಲಿ ಎತ್ತಿಸಿದರು. “ಕಾವಲಿನ ಹಣೆಬರಹಾನ ನನ್ನ ಕೈಲಿ ಎತ್ತಿಸ್ತಿದೀರಲ್ಲ ಮೇಡಂ” ಎಂದು ಅವಳು ಗೊಣಗುತ್ತಲೇ ಎತ್ತಿದಳು. ಎತ್ತಿದ ನಂಬರಿನ ಜಾಗಕ್ಕೆ ಹೋಗಿ, ಮೂಲೆಗಳಿಗೆ ಉದ್ದ ಮೊಳೆಗಳನ್ನು ಮಣ್ಣಿನೊಳಗೆ ಪೂರ್ತಿ ಇಳಿಸಿ, ಮೇಲೆ ಮಣ್ಣೆಳೆದೆವು. ಮತ್ತೆ ಹುಡುಕುವುದು ಫೋನಿನ ನಕ್ಷೆಯಿಂದ ಮತ್ತು ದಾರಕ್ಕೆ ಕಟ್ಟಿದ ಒಂದು ಅಯಸ್ಕಾಂತದಿಂದ. ಎಲ್ಲಿದೆ ಎಂದು ಕುರಿಯವರಿಗೆ ಹೇಳಲಿಲ್ಲ. ಹೋಗುವ ದಿನವನ್ನೂ ಪ್ರತಿಸಲ ಬದಲಿಸುತ್ತಿದ್ದೆವು. ಮೊಣಕಾಲೂರಿ ಕೂರುವುದು ಅವರಿಗೆ ಆಗಲೇ ಕಷ್ಟವಾಗುತ್ತಿತ್ತು. ಒಂದು ಗೋಣಿಚೀಲ ಮಡಿಸಿ ಮೊಣಕಾಲ ಕೆಳಗೆ ಹಾಕಿಕೊಳ್ಳುವರು, ಅದರ ಅಡಿಗೆ ಯಾವ ಹುಲ್ಲು ಸಿಕ್ಕಿತೆಂದು ಎದ್ದು ಮತ್ತೆ ನೋಡುವರು.

ಎರಡನೆಯ ಮಳೆಗಾಲದ ಲೆಕ್ಕ ಮುಗಿಸಲು ಅವರು ಇರಲಿಲ್ಲ. ಕಾಯಿಲೆ ಹೊಟ್ಟೆಯದಾಗಿತ್ತು, ತಡವಾಗಿ ಗೊತ್ತಾಯಿತು. ಆಸ್ಪತ್ರೆಯಲ್ಲೂ ನರ್ಸಿಗೆ ಕಿಟಕಿಯಾಚೆಯ ಹೊಂಗೆ ಮರದಲ್ಲಿ ಚಿಗುರು ಬಂದ ದಿನ ಗುರುತು ಹಾಕಲು ಹೇಳಿದ್ದರಂತೆ. ಅವರು ಹೋದ ಸುದ್ದಿ ತಿಳಿದು ಬೀರಜ್ಜ ಬಂದ. ನಮ್ಮ ಜಗಲಿಯ ಮೇಲೆ ಕೂತ. ಆಮೇಲೆ, “ರೈಲ್ವೆಯೋರೆ, ಆ ಹೊಸಾ ಜಾಗ ಎಲ್ಲೈತೆ ಅಂತ ನಂಗೆ ಹೇಳ್ಬ್ಯಾಡಿ. ಯಾರಾರ ಬಂದು ನೋಡೋರು ಅವ್ರಾ, ಅಷ್ಟೇ ಹೇಳಿ” ಎಂದ. ಇದ್ದಾರೆ ಎಂದೆ. ಮೇಡಂ ಅವರ ಹಳೆಯ ವಿದ್ಯಾರ್ಥಿನಿ, ಬೇಲೂರಿನಲ್ಲಿ ಪಾಠ ಹೇಳುವಾಕೆ, ಉಳಿದದ್ದನ್ನು ಒಪ್ಪಿಕೊಂಡಿದ್ದರು.

ಈ ವರ್ಷ ಮಳೆ ನಿಂತ ಮೇಲೆ ನಾನೂ ಆ ವಿದ್ಯಾರ್ಥಿನಿಯೂ ಹೋದೆವು. ಹಿಂಡು ಕಾವಲಿನಲ್ಲೆಲ್ಲ ಹರಡಿಕೊಂಡು ಮೇಯುತ್ತಿತ್ತು. ನಾವು ಬರುವುದನ್ನು ಬೀರಜ್ಜ ದೂರದಿಂದಲೇ ಕಂಡ. ಎಂದಿನಂತೆ ಕೈಯೆತ್ತಿದ, ಕೂಗಲಿಲ್ಲ. ಆಕೆ ಚೀಲದಿಂದ ಅಯಸ್ಕಾಂತ ತೆಗೆದು ನೆಲದ ಕಡೆ ಬಾಗಿದ್ದೇ, ಅವನು ನಮಗೆ ಬೆನ್ನು ತಿರುಗಿಸಿ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಕಣಕಟ್ಟೆಯ ದಿಕ್ಕಿಗೆ ಮುಖ ಮಾಡಿ ಕೂತ. ನಾವು ಎಣಿಸಿ ಮುಗಿಸುವವರೆಗೂ ತಿರುಗಲಿಲ್ಲ.